ಪದವಿಯ ಸಂತೋಷಕ್ಕೆ ಸಾಲದ ನೆರಳು ಬೇಡ

ಮಗನೋ ಮಗಳೋ ಪದವಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿ ಬಂದ ದಿನ ಮನೆಯಲ್ಲಿ ಮೂಡುವ ಸಂತೋಷ ಸಾಮಾನ್ಯವಾದುದಲ್ಲ. ಹಲವು ವರ್ಷಗಳ ಕಾಲೇಜು ಶುಲ್ಕ, ಹಾಸ್ಟೆಲಿನ ಖರ್ಚು, ಗಲ್ಫಿನಲ್ಲಿ ಒಂಟಿಯಾಗಿ ದುಡಿದ ತಂದೆಯ ಬೆವರು, ಬೀಡಿ ಕಟ್ಟಿ ಕಾಸು ಕೂಡಿಸಿದ ತಾಯಿಯ ತಾಳ್ಮೆ, ಇವೆಲ್ಲವೂ ಆ ಒಂದು ಅಂಕಪಟ್ಟಿಯಲ್ಲಿ ಅಡಗಿವೆ. ಇಂತಹ ಸಂತೋಷವನ್ನು ಬಂಧುಮಿತ್ರರೊಡನೆ ಹಂಚಿಕೊಳ್ಳಬೇಕೆಂಬ ಆಸೆ ಸಹಜವಾದುದು. ಅದನ್ನು ಆಡಂಬರವೆಂದು ಹಳಿಯುವುದು ಸರಿಯಲ್ಲ. ಆದರೆ ಆ ಔತಣ ಯಾರ ಹಣದಲ್ಲಿ, ಎಷ್ಟು ಖರ್ಚಿನಲ್ಲಿ ನಡೆಯಬೇಕೆಂಬುದನ್ನು ಮಾತ್ರ ಶಾಂತಚಿತ್ತದಿಂದ ಯೋಚಿಸಬೇಕಾಗಿದೆ.

ಈ ಪ್ರಶ್ನೆ ಹೊಸದೇನಲ್ಲ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರ್ ಪದವಿಗೇರಿದವನು ಔತಣ ನೀಡುವ ರೂಢಿಯಿತ್ತು. ಅದರ ವೆಚ್ಚ ಎಷ್ಟು ಬೆಳೆಯಿತೆಂದರೆ, ಪೋಪ್ ಐದನೇ ಕ್ಲೆಮೆಂಟರು 1311-12ರಲ್ಲಿ ಫ್ರಾನ್ಸಿನ ವಿಯೆನ್ ಪಟ್ಟಣದಲ್ಲಿ ನಡೆಸಿದ ಧರ್ಮಮಹಾಸಭೆಯ ಕಟ್ಟಳೆಯೊಂದು ಪದವಿ ಸಮಾರಂಭದ ಖರ್ಚು 3,000 ಬೆಳ್ಳಿ ನಾಣ್ಯಗಳನ್ನು ಮೀರಬಾರದೆಂದು ವಿಧಿಸಿತು. ಆ ಮೊತ್ತವೂ ಸಣ್ಣದಲ್ಲ. ಆದರೂ ಸಂತೋಷಕ್ಕೂ ಒಂದು ಮಿತಿ ಬೇಕೆಂಬುದನ್ನು ಹಿರಿಯರು ಏಳು ಶತಮಾನಗಳ ಹಿಂದೆಯೇ ಮನಗಂಡಿದ್ದರು.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಈ ವಿಷಯವನ್ನೇ ಚರ್ಚಿಸುತ್ತಾನೆ. ಧಾರಾಳವಾಗಿ ಖರ್ಚು ಮಾಡುವುದನ್ನು ಅವನು ದೋಷವೆನ್ನುವುದಿಲ್ಲ. ಅದು ಜಿಪುಣತನಕ್ಕೂ ದೊಡ್ಡಸ್ತಿಕೆಯ ಪ್ರದರ್ಶನಕ್ಕೂ ನಡುವೆ ಇರುವ ಸದ್ಗುಣ. ಸಂದರ್ಭಕ್ಕೆ ಒಪ್ಪದ ಖರ್ಚೇ ದೋಷ. ಗೆಳೆಯರ ಕೂಟಕ್ಕೆ ಮದುವೆಯ ಊಟ ಬಡಿಸುವವನನ್ನು ಅವನು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ಇಂದು ಪದವಿಯ ಔತಣಕ್ಕೆ ಸಭಾಭವನ, ವೇದಿಕೆ, ಧ್ವನಿವರ್ಧಕ, ಭಾವಚಿತ್ರದ ಫ್ಲೆಕ್ಸ್ ಎಂದು ಸಾಲುಸಾಲಾಗಿ ಏರ್ಪಾಡು ಮಾಡುವ ನಮ್ಮನ್ನು ಕಂಡರೆ ಅವನು ಬೇರೆ ಉದಾಹರಣೆ ಹುಡುಕುತ್ತಿರಲಿಲ್ಲ.

ಹಾಗಾದರೆ ಸಿದ್ಧತೆಯನ್ನು ಎಲ್ಲಿಂದ ಆರಂಭಿಸಬೇಕು? ಸಾಮಾನ್ಯವಾಗಿ ನಾವು ಮೊದಲು ಸ್ಥಳ ಗೊತ್ತುಮಾಡಿ, ಬಳಿಕ ಜನರನ್ನು ಕರೆದು, ಕೊನೆಗೆ ಹಣಕ್ಕಾಗಿ ಓಡಾಡುತ್ತೇವೆ. ಈ ಕ್ರಮ ತಲೆಕೆಳಗಾಗಬೇಕು. ಕೈಯಲ್ಲಿರುವ ಹಣವೆಷ್ಟು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಮೊದಲು ನಿರ್ಧರಿಸಲಿ. ಅನಂತರ ಅತಿಥಿಗಳ ಪಟ್ಟಿ, ಆಮೇಲೆ ಊಟ, ಕೊನೆಗೆ ಸ್ಥಳ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂಬ ಸಾಮತಿಯೂ, ಔತಣಕ್ಕೆ ಯಾರನ್ನು ಕರೆಯಬೇಕೆಂಬ ಬೋಧನೆಯೂ ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿಯೇ ಇವೆ ಎಂಬುದನ್ನು ಗಮನಿಸಿರಿ.

ಖರ್ಚನ್ನು ನಿರ್ಧರಿಸುವುದು ಅತಿಥಿಗಳ ಸಂಖ್ಯೆ. ಒಂದು ಊಟಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ 200 ಮಂದಿಗೆ 60,000 ರೂಪಾಯಿ. 40 ಮಂದಿಗೆ 12,000. ಈ ನಲವತ್ತು ಮಂದಿ ಯಾರು? ಅಜ್ಜ ಅಜ್ಜಿ, ದೇವಮಾತಾಪಿತರು, ಒಡಹುಟ್ಟಿದವರ ಕುಟುಂಬಗಳು, ಪಾಠ ಹೇಳಿದ ಒಬ್ಬಿಬ್ಬರು ಶಿಕ್ಷಕರು, ಆಪ್ತ ಗೆಳೆಯರು, ಕಷ್ಟದಲ್ಲಿ ಕೈಹಿಡಿದ ನೆರೆಯವರು, ಅವರು ಯಾವ ಮತದವರಾದರೂ ಸರಿ. ಓದಿನ ಹಾದಿಯಲ್ಲಿ ಜೊತೆಗಿದ್ದವರು ಇವರೇ.

ಮನೆಯಂಗಳದಲ್ಲಿ, ಮನೆಯವರೇ ಅಡುಗೆ ಮಾಡಿದರೆ ಖರ್ಚು ಇನ್ನೂ ಇಳಿಯುತ್ತದೆ. ಹತ್ತು ಮಂದಿಗೆ ಸುಮಾರು ಒಂದೂಕಾಲು ಕಿಲೋ ಅಕ್ಕಿ, ಎರಡರಿಂದ ಎರಡೂವರೆ ಕಿಲೋ ಕೋಳಿಮಾಂಸ ಸಾಕು. ಅಂದರೆ ನಲವತ್ತು ಮಂದಿಗೆ ಐದು ಕಿಲೋ ಅಕ್ಕಿ, ಎಂಟರಿಂದ ಹತ್ತು ಕಿಲೋ ಕೋಳಿ. ಸಣ್ಣ, ಪೊಳೆಗಳನ್ನು ಅತ್ತೆ ಚಿಕ್ಕಮ್ಮಂದಿರು ಹಂಚಿಕೊಂಡು ಮಾಡಿತಂದರೆ ಅದೇ ಅವರ ಉಡುಗೊರೆ. ಅಷ್ಟೂ ಕಷ್ಟವೆನಿಸಿದರೆ ಸಂಜೆ ನಾಲ್ಕಕ್ಕೆ ಚಹಾ, ಕೇಕು, ಒಂದೆರಡು ತಿಂಡಿಗಳ ಕೂಟವಿರಲಿ. ರಾತ್ರಿಯ ಊಟ ತಾನಾಗಿಯೇ ತಪ್ಪುತ್ತದೆ. ಲೆಕ್ಕವನ್ನು ಹಳಿ ತಪ್ಪಿಸುವ ಇನ್ನೊಂದು ವಸ್ತು ಮದ್ಯ. ಅದಿಲ್ಲದಿದ್ದರೆ ಯಾರೂ ಬರಲಾರರೆಂದಾದರೆ, ಅಂಥವರನ್ನು ಪಟ್ಟಿಯಿಂದ ಬಿಡುವುದೇ ಉಳಿತಾಯ.

ದಿನದ ಆಯ್ಕೆಯಲ್ಲೂ ವಿವೇಕ ಬೇಕು. ಏಪ್ರಿಲ್, ಮೇ ಮತ್ತು ಡಿಸೆಂಬರ್ ತಿಂಗಳ ಮದುವೆಗಳ ಭರಾಟೆಯಲ್ಲಿ ಅಡುಗೆಯವರೂ ಪಾತ್ರೆಗಳೂ ಸುಲಭವಾಗಿ ಸಿಗವು. ಜೂನ್, ಜುಲೈ ತಿಂಗಳ ಮಳೆಯಲ್ಲಿ ಚಪ್ಪರ ನಿಲ್ಲದು. ಕರಾವಳಿಯ ನಮ್ಮ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಅಕ್ಕಿಯ ಊಟಕ್ಕೆ ಕುಟುಂಬವೆಲ್ಲ ಹೇಗೂ ಸೇರುತ್ತದೆ. ತರಕಾರಿಯ ಆ ಊಟದ ನಡುವೆ ಹೊಸ ಪದವೀಧರನನ್ನು ಹಿರಿಯರು ಹರಸಿದರೆ ಬೇರೊಂದು ಔತಣದ ಅಗತ್ಯವೇ ಬೀಳದು.

ಸಾಲದ ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದು ಮುಗಿದ ಬಳಿಕ ಒಂದು ವರ್ಷದವರೆಗೆ ಕಂತಿನಿಂದ ವಿರಾಮವಿದೆ. ಆದರೆ ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅದರ ಮೇಲೆ ತಾಯಿಯ ಬಳೆ ಅಡವಿಟ್ಟು 60,000 ರೂಪಾಯಿ ತಂದರೆ, ಶೇಕಡಾ 12ರ ದರದಲ್ಲಿ ವರ್ಷಕ್ಕೆ 7,200 ರೂಪಾಯಿ ಬಡ್ಡಿಯೇ ಆಗುತ್ತದೆ. ಅದನ್ನು ತೀರಿಸುವವರು ಯಾರು? ಯಾರ ಗೌರವಕ್ಕಾಗಿ ಔತಣ ನಡೆಯಿತೋ ಆ ಮಗುವಿನ ಮೊದಲ ಸಂಬಳವೇ. ಸಾಲ ಮಾಡಿ ಔತಣ ನೀಡಿ ದರಿದ್ರನಾಗಬೇಡವೆಂಬ ಎಚ್ಚರಿಕೆ ಪವಿತ್ರ ಗ್ರಂಥದ ಸಿರಾಖನ ಪುಸ್ತಕದ 18ನೇ ಅಧ್ಯಾಯದಲ್ಲಿಯೇ ಇದೆ.

ಇನ್ನೊಂದು ಮಾತು. ನಮ್ಮ ಮನೆಯ ಔತಣ ನಮ್ಮೊಬ್ಬರದಾಗಿ ಉಳಿಯುವುದಿಲ್ಲ. ಇಂದು ನಾವು ಇನ್ನೂರು ಮಂದಿಗೆ ಬಡಿಸಿದರೆ, ಮುಂದಿನ ವರ್ಷ ಮಗಳು ಪದವಿ ಪಡೆಯಲಿರುವ ನೆರೆಮನೆಯ ವಿಧವೆ ತಾಯಿ ಅದನ್ನೇ ಅಳತೆಗೋಲಾಗಿ ಕಾಣುತ್ತಾಳೆ, ಒಳಗೊಳಗೇ ಕುಗ್ಗುತ್ತಾಳೆ. ಉಳ್ಳವರು ಸರಳವಾಗಿ ನಡೆದುಕೊಂಡರೆ ಇಲ್ಲದವರ ಎದೆಯ ಭಾರ ಇಳಿಯುತ್ತದೆ.

ಆದುದರಿಂದ, ಪ್ರಿಯ ತಂದೆತಾಯಿಗಳೇ, ಪಟ್ಟಿ ಬರೆಯುವ ಮೊದಲು ಮಗನನ್ನೋ ಮಗಳನ್ನೋ ಕರೆದು ಅವರಿಗೇನು ಬೇಕೆಂದು ಕೇಳಿರಿ. ಎಷ್ಟೋ ವೇಳೆ ಅವರಿಗೆ ಬೇಕಾಗಿರುವುದು ಸಂದರ್ಶನಕ್ಕೆ ಹೋಗಲು ಒಂದು ಜೊತೆ ಒಳ್ಳೆಯ ಬಟ್ಟೆ, ದೂರದ ಊರಿನಲ್ಲಿ ಮೊದಲ ತಿಂಗಳ ಬಾಡಿಗೆಗೆ ಒಂದಿಷ್ಟು ಹಣ. ಅದನ್ನು ಮೊದಲು ತೆಗೆದಿಡಿರಿ. ಉಳಿದುದರಲ್ಲಿ ಒಂದು ಪಾಲನ್ನು ಶುಲ್ಕ ಕಟ್ಟಲಾಗದ ಇನ್ನೊಂದು ಮಗುವಿಗಾಗಿ ಮೀಸಲಿಟ್ಟು, ಮಿಕ್ಕ ಹಣದಲ್ಲಿ ಮನಸಾರೆ ಹಬ್ಬ ಮಾಡಿರಿ.