ವಿಜಯಪುರಕ್ಕಿಂತ ಮೊದಲು ಗೋಗಿ

ಗೋಗಿ ಅಂದರೆ ಪತ್ರಿಕೆ ಓದುವವರಿಗೆ ನೆನಪಾಗುವುದು ಯುರೇನಿಯಂ. ಶಹಾಪುರ ತಾಲ್ಲೂಕಿನ ಈ ಊರ ನೆಲದಡಿ ನಿಕ್ಷೇಪ ಪತ್ತೆಯಾದಾಗಿನಿಂದ ಗಣಿ ಬೇಕೋ ಬೇಡವೋ ಎಂಬ ಚರ್ಚೆಯೇ ಜಾಸ್ತಿ. ನೆಲದ ಮೇಲಿರುವ ಅರ್ಬಾ ಮಸೀದಿ, ಚಂದಾ ಹುಸೇನಿ ದರ್ಗಾಗಳ ಸುದ್ದಿ ಕಡಿಮೆ. ಶಹಾಪುರಕ್ಕೆ ಬಂದ ಪ್ರವಾಸಿಗರೂ ಬೆಟ್ಟದ ಮಲಗಿದ ಬುದ್ಧನನ್ನು ನೋಡಿ ಹಿಂದಿರುಗುತ್ತಾರೆ.

ಅರ್ಬಾ ಮಸೀದಿ 1338ರದು, ದೆಹಲಿಯ ಮಹಮ್ಮದ್ ಬಿನ್ ತುಘಲಕನ ಕಾಲದ್ದು. ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ; ಮಸೀದಿ ಆ ರಾಜ್ಯಕ್ಕಿಂತ ಒಂಬತ್ತು ವರ್ಷ ಹಿರಿಯದು. ಅಷ್ಟು ಹಿಂದೆಯೇ ತುಘಲಕರು ಈ ಭಾಗಕ್ಕೆ ಬಂದಿದ್ದಕ್ಕೆ ಪಕ್ಕದ ಸಗರ ಸಾಕ್ಷಿ. ಆಗ ಅದು ಅವರ ಪ್ರಾಂತ್ಯದ ಠಾಣೆ. ಅಲ್ಲಿದ್ದ ಬಹಾಉದ್ದೀನ್ ಗುರ್ಶಾಸ್ಪ್ ಸುಲ್ತಾನನ ಸಂಬಂಧಿಯೇ ಆದರೂ 1326–27ರಲ್ಲಿ ತಿರುಗಿಬಿದ್ದ. ಸೋತು ಕಂಪಿಲಿ ರಾಜ್ಯಕ್ಕೆ ಓಡಿದ. ಆಶ್ರಯ ಕೊಟ್ಟ ಕಂಪಿಲಿಯೂ ಉಳಿಯಲಿಲ್ಲ.

ಗೋಗಿಗೆ ರಾಜಮನೆತನದ ನಂಟು ಬಂದದ್ದು ಸೂಫಿ ಸಂತ ಚಂದಾ ಹುಸೇನಿಯವರಿಂದ. ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ 1510ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ರಾಜಧಾನಿ ವಿಜಯಪುರದಲ್ಲಲ್ಲ, ಇಲ್ಲಿ, ಈ ಗುರುವಿನ ಸನ್ನಿಧಿಯಲ್ಲಿ. ಮಗ ಇಸ್ಮಾಯಿಲ್ 1534ರಲ್ಲಿ ತೆಲಂಗಾಣದ ಕೋಯಿಲಕೊಂಡ ಮುತ್ತಿಗೆಯ ಹೊತ್ತಿಗೆ ಸತ್ತ. ಅವನ ಹೆಣವನ್ನೂ ಗೋಗಿಗೇ ತಂದರು. ಲೆಕ್ಕಪತ್ರಗಳಲ್ಲಿ ಪಾರಸಿ ಬಿಡಿಸಿ ದೇಶಭಾಷೆ ತಂದ ಮೊಮ್ಮಗ, ಮೊದಲನೆಯ ಇಬ್ರಾಹಿಂ, 1558ರಲ್ಲಿ ತಂದೆ, ಅಜ್ಜನ ಬಳಿ ಸೇರಿದ. ಅವನ ನಂತರ ರೂಢಿ ಬದಲಾಯಿತು. ಸುಲ್ತಾನರ ಗೋರಿಗಳು ವಿಜಯಪುರದಲ್ಲೇ ಎದ್ದವು.

ಅಲ್ಲಿನ ಗೋಳಗುಮ್ಮಟದಲ್ಲಿ ಸುಮಾರು 38 ಮೀಟರ್ ಅಗಲದ ಗುಮ್ಮಟ ಸುಲ್ತಾನನೊಬ್ಬನಿಗಾಗಿ ನಿಂತಿದೆ. ಗೋಗಿಯಲ್ಲಿ ಹೆಸರು ಸಂತನದು, ಸುಲ್ತಾನರು ಅವನ ನೆರಳಿನವರು. ಬಂದವರು ಚಾದರ, ಹೂವು ಏರಿಸುವುದು, ಸಕ್ಕರೆ ಓದಿಸುವುದು ಸಂತನಿಗೆ. ಈ ಸೀಮೆಯ ದರ್ಗಾಗಳಲ್ಲಿ ಹರಕೆ ಹೊತ್ತವರ ಜಾತಿ ಯಾರೂ ಕೇಳುವುದಿಲ್ಲ. ಆದಿಲ್‌ಶಾಹಿಗಳ ಮೊದಲ ಮೂರು ತಲೆಮಾರು ಯಾರ ಮುಂದೆ ತಲೆಬಾಗಿತೆಂದು ತಿಳಿಯಬೇಕಾದರೆ ವಿಜಯಪುರದ ಗುಮ್ಮಟಗಳು ಸಾಲವು, ಗೋಗಿಯನ್ನೂ ನೋಡಬೇಕು.

ಶಹಾಪುರದಿಂದ ಪಶ್ಚಿಮಕ್ಕೆ ಹೋದರೆ ಗೋಗಿ ಹತ್ತಿರವೇ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ತಪ್ಪಿಸಿ ಹೋಗಿ. ತಲೆಗೆ ಹೊದೆಯಲು ಒಂದು ವಸ್ತ್ರ ಜೊತೆಗಿರಲಿ.