ಸಮುದ್ರದಲ್ಲಿ ಚಂಡಮಾರುತ, ಸೊರಬದಲ್ಲಿ ಮಳೆ

ಹೊನ್ನಾವರದ ಕಡಲತೀರದಿಂದ ಹಕ್ಕಿ ನೇರವಾಗಿ ಹಾರಿದರೆ ಸೊರಬ ಸುಮಾರು 70 ಕಿ.ಮೀ., ಶಿಕಾರಿಪುರ ಸುಮಾರು 100 ಕಿ.ಮೀ. ನಡುವೆ ಸಹ್ಯಾದ್ರಿಯ ಗೋಡೆ. ಹೀಗಾಗಿ ಚಂಡಮಾರುತವೆಂದರೆ ಕರಾವಳಿಯವರ ತಲೆನೋವು ಎಂಬ ಭಾವನೆ ಇಲ್ಲಿ ಸಹಜ. ಆದರೆ ಅರಬ್ಬಿ ಸಮುದ್ರದ ಸುಳಿಗಾಳಿಗೆ ಈ ಎರಡು ತಾಲ್ಲೂಕುಗಳ ಮೇಲೆ ಮಳೆ ಸುರಿಸಲು ಘಟ್ಟ ಹತ್ತಿ ಬರಬೇಕಾಗಿಲ್ಲ. ದಡದಿಂದ ದೂರ, ನೀರಿನ ಮೇಲೆಯೇ ಹಾದುಹೋದರೂ ಸಾಕು.

2021ರ ಮೇ ತಿಂಗಳ ‘ತೌಕ್ತೆ’ ಹಾಗೆಯೇ ಮಾಡಿತು. ಕೃತ್ತಿಕೆ ಮಳೆಯ ದಿನಗಳು. ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ಹುಟ್ಟಿದ ಅದು, ಕರ್ನಾಟಕದ ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿತು. 16ರ ಬೆಳಿಗ್ಗೆ ಅದರ ಕೇಂದ್ರ ಪಣಜಿಯಿಂದ ಸುಮಾರು 130 ಕಿ.ಮೀ. ದೂರದ ಸಮುದ್ರದಲ್ಲಿತ್ತು. ಅದೇ ಹೊತ್ತಿಗೆ ಉಡುಪಿ ಜಿಲ್ಲೆಯ ನಾಡ ಎಂಬ ಊರಿನಲ್ಲಿ ಒಂದೇ ದಿನ 38 ಸೆಂ.ಮೀ. ಮಳೆ ದಾಖಲಾಯಿತು, ಮಲೆನಾಡು ಜಿಲ್ಲೆಗಳಲ್ಲೂ ಮಳೆ ಸುರಿಯಿತು. 17ರ ರಾತ್ರಿ ತೌಕ್ತೆ ದೀವ್ ಸಮೀಪ ಗುಜರಾತಿನ ದಡ ಮುಟ್ಟಿತು.

ಕೇಂದ್ರ ಅಷ್ಟು ದೂರವಿದ್ದರೂ ಮಳೆ ಇಲ್ಲೇಕೆ? ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಕೇಂದ್ರ ನಮ್ಮ ಪಶ್ಚಿಮಕ್ಕಿದ್ದಾಗ ಅದರ ಪೂರ್ವದ ಅಂಚಿನ ಗಾಳಿ ದಕ್ಷಿಣ, ನೈರುತ್ಯ ದಿಕ್ಕುಗಳಿಂದ ತೇವ ಹೊತ್ತು ಘಟ್ಟಕ್ಕೆ ಅಪ್ಪಳಿಸುತ್ತದೆ. ಮೇಲೇರಿದ ಗಾಳಿ ತಣಿದು ಮಳೆಯಾಗುತ್ತದೆ. ಹೆಚ್ಚಿನ ಪಾಲು ಘಟ್ಟದ ಕೆಳಗೆ ಮತ್ತು ನೆತ್ತಿಯಲ್ಲೇ ಖಾಲಿಯಾಗುತ್ತದೆ. ಉಳಿದದ್ದು ಹೊಸನಗರ, ಸಾಗರ ದಾಟಿ ಸೊರಬಕ್ಕೆ, ಇನ್ನಷ್ಟು ಕ್ಷೀಣಿಸಿ ಶಿಕಾರಿಪುರಕ್ಕೆ ಬರುತ್ತದೆ.

ಆದ್ದರಿಂದ ಇಲ್ಲಿನ ರೈತನಿಗೆ ಮೊದಲು ಬೇಕಾದದ್ದು ಚಂಡಮಾರುತದ ದಾರಿ, ಆಮೇಲೆ ಅದರ ಬಲ.

ದಾರಿಯನ್ನು ಅಂದಾಜಿಸುವುದು ಈಗ ಮೊದಲಿಗಿಂತ ಸುಲಭ. ಚಂಡಮಾರುತಕ್ಕೆ ಸ್ವಂತ ನಡಿಗೆ ಕಡಿಮೆ. ನೆರೆ ಬಂದ ವರದಾ ಹೊಳೆಯ ಸೆಳವಿಗೆ ಸಿಕ್ಕ ಬಾಳೆದಿಂಡಿನಂತೆ ಅದನ್ನು ಸುತ್ತಲಿನ ವಾತಾವರಣದ ದೊಡ್ಡ ಗಾಳಿಗಳು ಒಯ್ಯುತ್ತವೆ. ಆ ಗಾಳಿಗಳನ್ನು ಕಂಪ್ಯೂಟರ್ ಮಾದರಿಗಳು ಚೆನ್ನಾಗಿ ಲೆಕ್ಕ ಹಾಕುತ್ತವೆ. ಭಾರತೀಯ ಹವಾಮಾನ ಇಲಾಖೆ 24 ಗಂಟೆ ಮೊದಲು ಗುರುತಿಸುವ ಕೇಂದ್ರಕ್ಕೂ ನಿಜವಾದ ಕೇಂದ್ರಕ್ಕೂ ಇರುವ ಸರಾಸರಿ ಅಂತರ ಈಗ 100 ಕಿ.ಮೀ.ಗಿಂತ ಕಡಿಮೆ. ದಿನಗಳು ಹೆಚ್ಚಿದಂತೆ ತಪ್ಪೂ ಹೆಚ್ಚುವುದರಿಂದಲೇ ಇಲಾಖೆಯ ನಕ್ಷೆಯಲ್ಲಿ ದಾರಿ ಒಂದು ಗೆರೆಯಾಗಿ ನಿಲ್ಲದೆ, ಮುಂದೆ ಹೋದಂತೆ ಅಗಲವಾಗುವ ಪಟ್ಟಿಯಾಗಿ ಕಾಣುತ್ತದೆ.

ಬಲದ ಅಂದಾಜು ಕಷ್ಟದ ಕೆಲಸ. ಅಟ್ಲಾಂಟಿಕ್‌ನಲ್ಲಿ ಅಮೆರಿಕದ ವಿಮಾನಗಳು ಚಂಡಮಾರುತದ ಒಳಗೇ ಹಾರಿ ಒತ್ತಡ, ಗಾಳಿಯ ವೇಗ ಅಳೆದು ಬರುತ್ತವೆ. ಅರಬ್ಬಿ ಸಮುದ್ರದ ಮೇಲೆ ಅಂಥ ವ್ಯವಸ್ಥೆ ಇಲ್ಲ. ಇಲ್ಲಿ ಮುಖ್ಯ ಆಧಾರ 36,000 ಕಿ.ಮೀ. ಎತ್ತರದ ಇನ್ಸಾಟ್ ಉಪಗ್ರಹಗಳು. ಅವುಗಳನ್ನು ನಿಯಂತ್ರಿಸುವ ಇಸ್ರೋದ ಪ್ರಧಾನ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ದಡಕ್ಕೆ ಹತ್ತಿರವಾದಾಗ ಕೊಚ್ಚಿ, ಗೋವಾ, ಮುಂಬೈಗಳ ಡಾಪ್ಲರ್ ರಾಡಾರ್‌ಗಳು, ನೀರಿನ ಮೇಲೆ ತೇಲುವ ಮಾಪಕಗಳು ನೆರವಿಗೆ ಬರುತ್ತವೆ.

ಉಪಗ್ರಹದ ಚಿತ್ರದಿಂದ ಗಾಳಿಯ ವೇಗ ತಿಳಿಯುವ ವಿಧಾನವನ್ನು 1970ರ ದಶಕದಲ್ಲಿ ರೂಪಿಸಿದವರು ಅಮೆರಿಕದ ವರ್ನನ್ ಡ್ವೊರಾಕ್. ತಜ್ಞರು ಮೊದಲು ಮೋಡದ ಪಟ್ಟಿ ಕೇಂದ್ರವನ್ನು ಎಷ್ಟು ಸುತ್ತಿದೆ ಎಂದು ನೋಡುತ್ತಾರೆ. ಸುಮಾರು ಅರ್ಧ ಸುತ್ತು ಬಂದಿದ್ದರೆ ಅದು ಚಂಡಮಾರುತವಾಗುವ ಹಂತ. ಪೂರ್ತಿ ಸುತ್ತು ಬಂದಿದ್ದರೆ ಇನ್ನೂ ಪ್ರಬಲ. ಮಧ್ಯದಲ್ಲಿ ‘ಕಣ್ಣು’ ಮೂಡಿದ್ದರೆ ಅದರ ಉಷ್ಣತೆಯನ್ನು ಸುತ್ತಲಿನ ಮೋಡದ ನೆತ್ತಿಯ ಉಷ್ಣತೆಯೊಂದಿಗೆ ಹೋಲಿಸುತ್ತಾರೆ. ಕಣ್ಣು ಬೆಚ್ಚಗಿದ್ದು ಮೋಡ ಸೊನ್ನೆಗಿಂತ 70–80 ಡಿಗ್ರಿ ಕೆಳಗಿದ್ದರೆ ಬಿರುಗಾಳಿ ಉಗ್ರವಾಗಿದೆ ಎಂದರ್ಥ. ಇದನ್ನೆಲ್ಲ ಸೇರಿಸಿ 1ರಿಂದ 8ರವರೆಗಿನ ‘ಟಿ’ ಸಂಖ್ಯೆ ಕೊಡುತ್ತಾರೆ; ಅದರಿಂದ ಗಾಳಿಯ ವೇಗ ಅಂದಾಜಾಗುತ್ತದೆ. ಗಾಳಿ ಗಂಟೆಗೆ 62 ಕಿ.ಮೀ. ತಲುಪಿದಾಗ ಚಂಡಮಾರುತಕ್ಕೊಂದು ಹೆಸರು ಸಿಗುತ್ತದೆ. 222 ಕಿ.ಮೀ. ತಲುಪಿದರೆ ಅದು ಸೂಪರ್ ಸೈಕ್ಲೋನ್.

ಅಂದಾಜು ತಪ್ಪುವುದು ಚಂಡಮಾರುತ ಹಠಾತ್ತನೆ ಬಲಿಯುವಾಗ. ಹಾಗೆ ಬಲಿಯಲು ಸಮುದ್ರದ ನೀರು ಕನಿಷ್ಠ 26.5 ಡಿಗ್ರಿ ಸೆಲ್ಸಿಯಸ್ ಇರಬೇಕು, ಆ ಬಿಸಿ ಆಳಕ್ಕೂ ಇಳಿದಿರಬೇಕು, ಕೆಳಗಿನ ಮತ್ತು ಮೇಲಿನ ಗಾಳಿಗಳ ನಡುವೆ ಹೆಚ್ಚು ವ್ಯತ್ಯಾಸ ಇರಬಾರದು. ಇವೆಲ್ಲ ಕೂಡಿಬಂದರೆ ಒಂದೇ ದಿನದಲ್ಲಿ ಗಾಳಿಯ ವೇಗ ಗಂಟೆಗೆ 55 ಕಿ.ಮೀ.ಗಿಂತ ಹೆಚ್ಚು ಏರಬಲ್ಲದು.

2019ರ ಅಕ್ಟೋಬರ್‌ನಲ್ಲಿ, ಸ್ವಾತಿ ಮಳೆ ಆರಂಭವಾಗುವ ಹೊತ್ತಿಗೆ ಬಂದ ‘ಕ್ಯಾರ್’ 25ರಂದು ಚಂಡಮಾರುತವಾಗಿ, 27ರ ವೇಳೆಗೆ ಸೂಪರ್ ಸೈಕ್ಲೋನ್ ಆಗಿತ್ತು. ಅರಬ್ಬಿ ಸಮುದ್ರದಲ್ಲಿ 2007ರ ‘ಗೋನು’ ನಂತರ ಅದೇ ಮೊದಲನೆಯದು. ಗಮನಿಸಬೇಕಾದ್ದೆಂದರೆ ಕರ್ನಾಟಕದ ಕರಾವಳಿಗೆ ಮಳೆ ತಂದದ್ದು ಅದು ಇನ್ನೂ ಎಳಸಾಗಿ ದಡದ ಹತ್ತಿರ ಇದ್ದಾಗ. ಅತ್ಯುಗ್ರವಾಗುವ ಹೊತ್ತಿಗೆ ಅದು ಒಮಾನ್ ಕಡೆಗೆ ದೂರ ಸರಿದಿತ್ತು. 2023ರ ಜೂನ್‌ನಲ್ಲಿ ‘ಬಿಪರ್‌ಜಾಯ್’ ಸಮುದ್ರದಲ್ಲಿ ಸುತ್ತುತ್ತಿದ್ದಾಗ ಇದಕ್ಕೆ ವ್ಯತಿರಿಕ್ತವಾಗಿ ಮುಂಗಾರಿನ ಓಟವೇ ಕುಂಟಿತು. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದು ವಾಡಿಕೆಗಿಂತ ಒಂದು ವಾರ ತಡವಾಗಿ, ಜೂನ್ 8ಕ್ಕೆ.

ಇಂಥ ಪ್ರಸಂಗಗಳು ಹೆಚ್ಚುತ್ತಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನಶಾಸ್ತ್ರ ಸಂಸ್ಥೆಯ (ಐಐಟಿಎಂ) ವಿಜ್ಞಾನಿಗಳ 2021ರ ಅಧ್ಯಯನದ ಪ್ರಕಾರ, 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಏರಿದೆ. ಅವು ಏಳುವ ಕಾಲವೂ ಇಲ್ಲಿನ ಕೃಷಿಗೆ ನಾಜೂಕಿನದು. ಮೇ–ಜೂನ್‌ನಲ್ಲಿ ಬಿತ್ತನೆಯ ಸಿದ್ಧತೆ. ಅಕ್ಟೋಬರ್ ನಂತರ ಶಿಕಾರಿಪುರದ ಕಣಗಳಲ್ಲಿ ಮೆಕ್ಕೆಜೋಳ, ಸೊರಬದ ಅಂಗಳದ ಅಟ್ಟಗಳಲ್ಲಿ ಬೇಯಿಸಿದ ಅಡಿಕೆ. ಎರಡಕ್ಕೂ ಬಿಸಿಲೇ ಬೇಕು. ಎರಡು ದಿನ ಮೋಡ ಕವಿದು ತುಂತುರು ಹಿಡಿದರೆ ಬೂಷ್ಟು ಹತ್ತಿ ದರ ಕುಸಿಯುತ್ತದೆ.

ವಾಯುಭಾರ ಕುಸಿತದ ಸುದ್ದಿ ಬಂದಾಗ ಟಿವಿ ಪರದೆಯ ಗಾಳಿಯ ವೇಗಕ್ಕೆ ಬೆದರುವುದೂ ಬೇಡ, ‘ಗುಜರಾತಿಗೆ ಹೋಗುತ್ತದಂತೆ’ ಎಂದು ನಿರಾಳವಾಗುವುದೂ ಬೇಡ. ಚಂಡಮಾರುತ ಎದ್ದ ಮೇಲೆ ಹವಾಮಾನ ಇಲಾಖೆ ಮೂರು ಗಂಟೆಗೊಮ್ಮೆ ವರದಿ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ನಮ್ಮ ಊರಿನ ಮಳೆ ಮುನ್ಸೂಚನೆ ಕೇಳಬಹುದು. ಕೇಂದ್ರ ನಮ್ಮ ದಡದಿಂದ ಎಷ್ಟು ದೂರ ಹಾದುಹೋಗುತ್ತದೆ ಎಂದು ತಿಳಿದುಕೊಂಡು, ಅಡಿಕೆ ಬೇಯಿಸುವ, ಜೋಳ ಹರವುವ ದಿನವನ್ನು ಗೊತ್ತುಮಾಡಿಕೊಳ್ಳಿ.