ಚಾಚಾನ ಲಾರಿ ಹೋಗುವ ಊರು: ನವಿ ಮುಂಬೈ

ನಮ್ಮ ಚಾಚಾ ವಿಜಯಪುರದಿಂದ ಉಳ್ಳಾಗಡ್ಡಿ ಹೇರಿಕೊಂಡು ಲಾರಿ ಓಡಿಸುತ್ತಾರೆ. ಮನೆಯಲ್ಲಿ ಎಲ್ಲರೂ "ಬಂಬೈಗೆ ಹೋಗಿದ್ದಾರೆ" ಎನ್ನುತ್ತೇವೆ. ನಿಜವಾಗಿ ಅವರು ಮುಂಬೈಯೊಳಗೆ ಹೋಗುವುದೇ ಇಲ್ಲ. ಠಾಣೆ ಕ್ರೀಕ್‌ನ ಈಚೆ ದಡದ ವಾಶಿ ಮಾರುಕಟ್ಟೆಯಲ್ಲಿ ಮಾಲು ಇಳಿಸಿ ತಿರುಗಿ ಬರುತ್ತಾರೆ. ವಾಶಿ ಇರುವುದು ನವಿ ಮುಂಬೈಯಲ್ಲಿ.

ಮುಂಬೈ ಸುತ್ತ ನೀರಿರುವ ಊರು, ಬೆಳೆಯಲು ಜಾಗವಿಲ್ಲ. ಕ್ರೀಕ್ ಆಚೆ ಹೊಸ ನಗರ ಕಟ್ಟಿರೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಶ್ ಪಟೇಲ್ 1965ರಲ್ಲಿ ಸೂಚಿಸಿದರು. 1970ರಲ್ಲಿ ಮಹಾರಾಷ್ಟ್ರ ಸರ್ಕಾರ ಇದಕ್ಕಾಗಿ ಸಿಡ್ಕೋ ಎಂಬ ಕಂಪನಿ ತೆರೆಯಿತು. ಸರ್ಕಾರಿ ಕಚೇರಿಗಳೂ ಅಲ್ಲಿಗೆ ಹೋಗಬೇಕಿತ್ತು, ಆದರೆ ಮಂತ್ರಾಲಯ ಮುಂಬೈ ಬಿಟ್ಟು ಕದಲಲಿಲ್ಲ. ಹೋದದ್ದು ಸಗಟು ಮಾರುಕಟ್ಟೆ. 1992ರಲ್ಲಿ ವಾಶಿಗೆ ಲೋಕಲ್ ರೈಲು ಬಂದ ಮೇಲೆ ಜನ ತುಂಬಿದರು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯಲ್ಲೇ 11 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು.

ಇಷ್ಟು ದೊಡ್ಡ ಊರಿಗೆ ದುಡ್ಡು ಎಲ್ಲಿಂದ ಬಂತು? ಕಾಮರ್ಸ್‌ನವರು ಗಮನಿಸಬೇಕಾದದ್ದು ಇದೇ. ದುಡ್ಡು ಭೂಮಿಯಿಂದಲೇ ಬಂತು. 95 ಹಳ್ಳಿಗಳ ಜಮೀನನ್ನು ಕಡಿಮೆ ದರಕ್ಕೆ ಸ್ವಾಧೀನ ಮಾಡಿಕೊಳ್ಳುವುದು, ರಸ್ತೆ, ನೀರು, ಚರಂಡಿ ಹಾಕಿ ಪ್ಲಾಟ್ ಮಾಡಿ ಹೆಚ್ಚಿನ ದರಕ್ಕೆ ಮಾರುವುದು, ಆ ಹಣದಲ್ಲಿ ಮುಂದಿನ ಬಡಾವಣೆ ಕಟ್ಟುವುದು. ಲೆಕ್ಕ ಚೆನ್ನಾಗಿದೆ. ಆದರೆ ನಾವು ಕಲಿಯುವ ವ್ಯಾಪಾರದಲ್ಲಿ ಮಾರುವವನೂ ಬೆಲೆ ಹೇಳುತ್ತಾನೆ. ಇಲ್ಲಿ ಭತ್ತ ಬೆಳೆಯುತ್ತಿದ್ದ, ಉಪ್ಪು ತೆಗೆಯುತ್ತಿದ್ದ ಆಗ್ರಿ, ಕೋಳಿ ಜನರನ್ನು ಯಾರೂ ಬೆಲೆ ಕೇಳಲಿಲ್ಲ.

ಅವರು ಸುಮ್ಮನಿರಲಿಲ್ಲ. ದಿ.ಬಾ. ಪಾಟೀಲರ ಮುಂದಾಳತ್ವದಲ್ಲಿ ಬೀದಿಗಿಳಿದರು. 1984ರ ಜನವರಿಯಲ್ಲಿ ಜಾಸಯಿ ಸುತ್ತಮುತ್ತ ಪೊಲೀಸ್ ಗೋಲಿಬಾರ್‌ನಲ್ಲಿ ಐವರು ಸತ್ತರು. ಆ ಹೋರಾಟದಿಂದ, ಕಳೆದುಕೊಂಡ ಜಮೀನಿನ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ವಾಪಸ್ ಕೊಡುವ ಯೋಜನೆ ಬಂತು. ಅಂದರೆ ಒಂದು ಎಕರೆ ಹೋದವನಿಗೆ ಹೆಚ್ಚೆಂದರೆ 5 ಗುಂಟೆ. ಪಟ್ಟಣದ 5 ಗುಂಟೆಗೆ ಹೊಲದ ಎಕರೆಗಿಂತ ಬೆಲೆ ಹೆಚ್ಚು ಎನ್ನಬಹುದು. ಉಳುವವನಿಗೆ ಅದು ಹೊಲವಲ್ಲ ಎಂಬುದೂ ನಿಜ. ಅಲ್ಲಿನ ಹೊಸ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರೇ ಬೇಕೆಂದು 2021ರಲ್ಲಿ ಸಾವಿರಾರು ಜನ ಸೇರಿದ್ದರು.

ಇದನ್ನೆಲ್ಲ ನಾನು ಓದಿದ್ದಕ್ಕೆ ಕಾರಣವಿದೆ. ನಮ್ಮ ನಾನಾ ಅವರ ಎರಡು ಎಕರೆಗೆ ಹೋದ ವರ್ಷ ರಸ್ತೆಗೆಂದು ನೋಟಿಸ್ ಬಂದಿದೆ. ಈ 12.5ರ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಆ ಐದು ಗುಂಟೆ ಎಲ್ಲಿ ಕೊಟ್ಟರು ಬೇಟಾ, ಊರಿಗೆ ಹತ್ತಿರವೋ, ದೂರವೋ?"

ಮುಂದಿನ ಸಲ ವಾಶಿಗೆ ಹೋದಾಗ ವಿಚಾರಿಸಿಕೊಂಡು ಬನ್ನಿ ಎಂದು ಚಾಚಾನಿಗೆ ಹೇಳಿದ್ದೇನೆ.